ಟಿಕೆಟ್ ಬದಲಿಸಿದ ಅಗಾಥಾ ಕ್ರಿಸ್ಟಿ



ನಾನು ಪೂರ್ತಿ ಓದಿ ಮುಗಿಸಿದ ಮೊದಲ ಇಂಗ್ಲಿಷ್ ಕಾದಂಬರಿ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’. ಹಿಮದಲ್ಲಿ ಸಿಕ್ಕಿಕೊಂಡ ರೈಲು, ಅದರೊಳಗೊಂದು ಕೊಲೆ. ಕೊಲೆಗಾರ ಯಾರೆಂದು ಹೇಳಿಬಿಟ್ಟರೆ ನೀವು ನನ್ನನ್ನು ಕ್ಷಮಿಸುವುದಿಲ್ಲ. ಆದರೆ ಅದನ್ನು ಬರೆದ ಅಗಾಥಾ ಕ್ರಿಸ್ಟಿ ಆ ರೈಲನ್ನು ಮೊದಲ ಸಲ ಹತ್ತಿದ ಕಥೆ ನನಗೆ ಕಾದಂಬರಿಗಿಂತ ಹೆಚ್ಚು ಹಿಡಿಸಿತು.

ಅಗಾಥಾ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಕಡಲತೀರದ ಊರು ಟಾರ್ಕಿಯಲ್ಲಿ. ಹನ್ನೊಂದನೇ ವಯಸ್ಸಿಗೆ ತಂದೆ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ವಿಷಗಳ ಬಗ್ಗೆ ಕಲಿತರು. ಮುಂದೆ ಅದು ಎಷ್ಟು ಕೆಲಸಕ್ಕೆ ಬಂತೆಂದು ಅವರ ಓದುಗರಿಗೆ ಗೊತ್ತು! 1926ರಲ್ಲಿ ತಾಯಿಯೂ ಹೋದರು. ಅದೇ ವರ್ಷ ಗಂಡ ವಿಚ್ಛೇದನ ಕೇಳಿದರು. ಡಿಸೆಂಬರಿನಲ್ಲಿ ಅಗಾಥಾ ಹನ್ನೊಂದು ದಿನ ಕಾಣೆಯಾದರು. ಪೊಲೀಸರು ಹುಡುಕಿದರು, ಪತ್ರಿಕೆಗಳು ದಿನವೂ ಬರೆದವು. ಕೊನೆಗೆ ಹ್ಯಾರೊಗೇಟಿನ ಒಂದು ಹೋಟೆಲಿನಲ್ಲಿ ಸಿಕ್ಕರು. ತಮ್ಮ ಆತ್ಮಕಥೆಯಲ್ಲಿ ಆ ದಿನಗಳ ಬಗ್ಗೆ ಅವರು ಏನೂ ಬರೆದಿಲ್ಲ.

1928ರಲ್ಲಿ ವಿಚ್ಛೇದನವಾಯಿತು. ಮಗಳು ಬೋರ್ಡಿಂಗ್ ಶಾಲೆಯಲ್ಲಿದ್ದಳು. ಮನಸ್ಸಿನ ನೆಮ್ಮದಿಗೆಂದು ಜಮೈಕಾಕ್ಕೆ ಹಡಗಿನ ಟಿಕೆಟ್ ತೆಗೆಸಿದ್ದರು. ಹೊರಡಲು ಎರಡೇ ದಿನ ಇರುವಾಗ ಒಂದು ಊಟದ ಮನೆಯಲ್ಲಿ ಬಾಗ್ದಾದಿನಿಂದ ಬಂದ ದಂಪತಿ ಸಿಕ್ಕರು. ಅಲ್ಲಿಗೆ ಓರಿಯಂಟ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಬಹುದೆಂದು ಅವರಿಂದ ತಿಳಿಯಿತು. ಕ್ಯಾಲೆ ನಿಲ್ದಾಣದಲ್ಲಿ ನಿಂತಿರುತ್ತಿದ್ದ ಆ ರೈಲನ್ನು ಹತ್ತಬೇಕೆಂಬುದು ಅಗಾಥಾರ ಹಳೆಯ ಆಸೆ. ಮರುದಿನ ಬೆಳಿಗ್ಗೆಯೇ ಟಿಕೆಟ್ ಬದಲಿಸಿದರು. ಮೂವತ್ತೆಂಟರ ಹೆಂಗಸು, ಒಬ್ಬಳೇ! ನಾನು ಮುಂದಿನ ವರ್ಷ ಡಿಗ್ರಿಗೆ ಮೈಸೂರಿಗೆ ಹೋಗಬೇಕು. ರಾತ್ರಿ ರೈಲಿನಲ್ಲಿ ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ನಮ್ಮ ಮನೆಯಲ್ಲಿ ಈಗಲೇ ಚರ್ಚೆ ನಡೆದಿದೆ.

ರೈಲು ಇಟಲಿ, ಯುಗೊಸ್ಲಾವಿಯಾ, ಬಲ್ಗೇರಿಯಾ ದಾಟಿ ಇಸ್ತಾಂಬುಲ್ ಸೇರಿತು. ಅಲ್ಲಿ ಬಾಸ್ಫರಸ್ ಜಲಸಂಧಿ ದಾಟಿದರೆ ಏಷ್ಯಾ. ಆಚೆ ದಡದಿಂದ ಇನ್ನೊಂದು ರೈಲು. ಅದರಲ್ಲಿ ತಿಗಣೆ ಕಾಟ. ಟಾರಸ್ ಪರ್ವತಗಳ ಕಣಿವೆಯಲ್ಲಿ ರೈಲು ನಿಂತಾಗ ಇಳಿದು ಸೂರ್ಯಾಸ್ತ ನೋಡಿದರು. ಬಂದದ್ದು ಸಾರ್ಥಕ ಎನಿಸಿದ್ದು ಅಲ್ಲಿಯೇ ಇರಬೇಕು. ಮುಂದೆ ಅಲೆಪ್ಪೊ, ದಮಾಸ್ಕಸ್. ಅಲ್ಲಿಂದ ಮರುಭೂಮಿಯಲ್ಲಿ ಎರಡು ದಿನ ಬಸ್ ಪ್ರಯಾಣ, ಆಮೇಲೆ ಬಾಗ್ದಾದ್. ಈ ಹೆಸರುಗಳನ್ನೆಲ್ಲ ನಾನು ಕೇಳಿದ್ದು ದಾದಿಮಾ ಹೇಳುತ್ತಿದ್ದ ಕಥೆಗಳಲ್ಲಿ. ಟಿಕೆಟ್ ತೆಗೆಸಿ ಹೋಗಬಹುದಾದ ಊರುಗಳೆಂದು ಅನಿಸಿರಲೇ ಇಲ್ಲ.

ಇರಾಕಿನ ಊರ್ ಎಂಬಲ್ಲಿ ಆಗ ಉತ್ಖನನ ನಡೆಯುತ್ತಿತ್ತು. ಅದರ ಮುಖ್ಯಸ್ಥರ ಪತ್ನಿ ಅಗಾಥಾರ ಅಭಿಮಾನಿ. ಅವರ ಆಹ್ವಾನದ ಮೇಲೆ 1930ರಲ್ಲಿ ಮತ್ತೆ ಹೋದಾಗ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಪರಿಚಯವಾದರು. ಅವರು ಅಗಾಥಾರಿಗಿಂತ ಸುಮಾರು ಹದಿನಾಲ್ಕು ವರ್ಷ ಚಿಕ್ಕವರು. ಅದೇ ಸೆಪ್ಟೆಂಬರಿನಲ್ಲಿ ಮದುವೆ.

ಆಮೇಲೆ ಆ ದಾರಿ ಅವರಿಗೆ ತವರಿನ ದಾರಿಯಂತಾಯಿತು. 1931ರ ಡಿಸೆಂಬರಿನಲ್ಲಿ ಒಬ್ಬರೇ ಮರಳುವಾಗ ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ರೈಲು ನಿಂತಿತು. ಚಳಿಯಲ್ಲಿ ಕುಳಿತು ಸಹಪ್ರಯಾಣಿಕರನ್ನು ಗಮನಿಸಿದರು, ಗಂಡನಿಗೆ ಪತ್ರ ಬರೆದು ಎಲ್ಲವನ್ನೂ ತಿಳಿಸಿದರು. 1929ರಲ್ಲಿ ಇದೇ ರೈಲು ಟರ್ಕಿಯ ಹಿಮದಲ್ಲಿ ದಿನಗಟ್ಟಲೆ ಹೂತು ನಿಂತದ್ದೂ ಇತ್ತು. ಕಾದಂಬರಿ ಬಂದದ್ದು 1934ರಲ್ಲಿ. ಅದನ್ನು ಮ್ಯಾಕ್ಸ್‌ಗೇ ಅರ್ಪಿಸಿದ್ದಾರೆ.

ಅಗಾಥಾ ತೀರಿಕೊಂಡದ್ದು 1976ರ ಜನವರಿಯಲ್ಲಿ. ಮರುವರ್ಷ ಪ್ಯಾರಿಸ್–ಇಸ್ತಾಂಬುಲ್ ನೇರ ರೈಲೂ ನಿಂತುಹೋಯಿತು.

ಗ್ರಂಥಾಲಯದ ಪ್ರತಿ ಇನ್ನೂ ನನ್ನ ಬಳಿಯೇ ಇದೆ. ಅಮ್ಮಿ ಓದುತ್ತಿದ್ದಾರೆ. ಸೋಮವಾರ ಹಿಂದಿರುಗಿಸುತ್ತೇನೆ.