ಓಡಿದರೆ ಮಂಡಿ ಸವೆಯುತ್ತಾ? ನೂರು ವರ್ಷದ ಹಿಂದೆ ಒಲಿಂಪಿಕ್ಸ್ ಮ್ಯಾರಥಾನ್ ಓಡಿದ ಬೆಳಗಾವಿಯ ಫಡೆಪ್ಪ ಚೌಗುಲೆ ಅವರ ಕಥೆ

ಬೆಳಗ್ಗೆ ಐದೂವರೆಗೆ ಬಾಗಲೂರಿನ ರಸ್ತೆಗೆ ಬಂದರೆ ಈಗ ಓಡುವವರು ಕಾಣುತ್ತಾರೆ. ಏರ್‌ಪೋರ್ಟ್ ಕ್ಯಾಬುಗಳು, ಟಿಪ್ಪರ್‌ಗಳು ರಸ್ತೆ ತುಂಬುವ ಮೊದಲೇ ಹೊಸ ಅಪಾರ್ಟ್‌ಮೆಂಟುಗಳಿಂದ ಜನ ಹೊಸ ಶೂ ಹಾಕಿಕೊಂಡು ಇಳಿಯುತ್ತಾರೆ. ಮೊದಲ ವಾರ ಉತ್ಸಾಹ. ಮೂರನೇ ವಾರ ಅವರಲ್ಲಿ ಕೆಲವರು ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಿರುತ್ತಾರೆ. ನಮ್ಮಲ್ಲೂ ಒಬ್ಬರಿಗೆ ಹೀಗೇ ಆಯಿತು.

ಆಮೇಲೆ ಶುರುವಾಗುವುದು ವಾಟ್ಸಾಪ್ ವೈದ್ಯ. ಓಡಿದರೆ ಮಂಡಿ ಸವೆದುಹೋಗುತ್ತದೆ, ಇವತ್ತೇ ನಿಲ್ಲಿಸಿ ಎನ್ನುತ್ತದೆ ಒಂದು ಫಾರ್ವರ್ಡ್. ನಮ್ಮ ಹಿರಿಯರು ಬರಿಗಾಲಲ್ಲೇ ಓಡುತ್ತಿದ್ದರು, ಶೂ ಬಿಸಾಡಿ, ನೋವು ಹೋಗುತ್ತದೆ ಎನ್ನುತ್ತದೆ ಇನ್ನೊಂದು. ಯಾವುದು ಸರಿ? ಉತ್ತರ ಹುಡುಕಲು ನಾವು ಅಂಥ ಒಬ್ಬ ಹಿರಿಯರ ಬದುಕನ್ನೇ ನೋಡೋಣ.

ಯಾರು ಈ ಚೌಗುಲೆ?

ಫಡೆಪ್ಪ ದರೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು. ಹುಟ್ಟಿದ್ದು 1902ರಲ್ಲಿ. ಆಗ ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅಲ್ಲಿಯ ಹುಡುಗರಿಗೆ ದೊಡ್ಡ ಕ್ರೀಡಾಕೂಟ ಅಂದರೆ ಪುಣೆ.

ಪುಣೆಯ ಡೆಕ್ಕನ್ ಜಿಮಖಾನಾ ನಡೆಸುತ್ತಿದ್ದ ಕೂಟಕ್ಕೆ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿದ್ದರು. ಅಲ್ಲಿ ಉದ್ದದ ಓಟಕ್ಕೆ ಬಂದವರು ಹೆಚ್ಚಾಗಿ ರೈತರ ಮಕ್ಕಳು. ಸರಿಯಾದ ತರಬೇತಿಯೂ ಇಲ್ಲ, ವಿಶೇಷ ಊಟವೂ ಇಲ್ಲ, ಕಾಲಿಗೆ ಶೂ ಕೂಡ ಇಲ್ಲ. ಆದರೂ ಅವರು ಓಡಿದ ಸಮಯ ಯುರೋಪಿನವರ ಸಮಯಕ್ಕೆ ಹತ್ತಿರವಿತ್ತು ಎಂದು ಟಾಟಾ ಮುಂದೆ ಪತ್ರವೊಂದರಲ್ಲಿ ನೆನೆದಿದ್ದಾರೆ. ಇವರನ್ನು ಒಲಿಂಪಿಕ್ಸಿಗೆ ಯಾಕೆ ಕಳಿಸಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದಲೇ.

ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲ. ಅದು ಬಂದದ್ದು 1927ರಲ್ಲಿ. ಟಾಟಾ ಮುಂದೆ ನಿಂತು ಹಣದ ನೆರವು ಕೊಟ್ಟರು. ನಾಲ್ವರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು, ಒಟ್ಟು ಆರು ಜನ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಹೊರಟರು. ತಂಡ ಕಟ್ಟಿಕೊಂಡು ಭಾರತ ಒಲಿಂಪಿಕ್ಸಿಗೆ ಹೋಗಿದ್ದು ಅದೇ ಮೊದಲು. ಆ ಆರು ಜನರಲ್ಲಿ 18 ವರ್ಷದ ಚೌಗುಲೆ ಒಬ್ಬರು.

ಆಂಟ್‌ವರ್ಪ್‌ನಲ್ಲಿ ಏನಾಯಿತು?

ಚೌಗುಲೆ 10,000 ಮೀಟರ್ ಓಟದಲ್ಲೂ ಇದ್ದರು. ಅದರಲ್ಲಿ ಫೈನಲ್ ತಲುಪಲಿಲ್ಲ. ಮ್ಯಾರಥಾನ್ ನಡೆದದ್ದು 1920ರ ಆಗಸ್ಟ್ 22ರಂದು. ಇಂದಿನ ಮ್ಯಾರಥಾನ್ 42.195 ಕಿ.ಮೀ. ಇದ್ದರೆ ಅಂದಿನದು 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಹೆಚ್ಚುಕಡಿಮೆ ದೇವನಹಳ್ಳಿಯಿಂದ ಹೊರಟು ಮೆಜೆಸ್ಟಿಕ್ ದಾಟಿ ಇನ್ನೂ ಮುಂದೆ ಹೋದಷ್ಟು.

ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಅಂದರೆ ಒಂದು ಕಿಲೋಮೀಟರಿಗೆ 4 ನಿಮಿಷವೂ ಹಿಡಿಯಲಿಲ್ಲ. ಇವತ್ತಿಗೂ ಹವ್ಯಾಸಕ್ಕೆ ಓಡುವವರು ಮ್ಯಾರಥಾನನ್ನು 3 ಗಂಟೆಯೊಳಗೆ ಮುಗಿಸಿದರೆ ಕೇಕ್ ಕತ್ತರಿಸುತ್ತಾರೆ! ಗೆದ್ದವರು ಫಿನ್‌ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್. ಅವರ ಸಮಯ 2 ಗಂಟೆ 32 ನಿಮಿಷ.

ಅದೇ ತಂಡದ ಸದಾಶಿವ ದಾತಾರ್ ಕೂಡ ಅದೇ ಮ್ಯಾರಥಾನ್ ಓಡಿದರು. ಅವರಿಗೆ ಓಟ ಮುಗಿಸಲು ಆಗಲಿಲ್ಲ. ಒಂದೇ ತಂಡ, ಒಂದೇ ದಾರಿ, ಒಂದೇ ದಿನ. ಎಲ್ಲರ ದೇಹಕ್ಕೂ ಹೊಂದುವ ಒಂದೇ ಗುಟ್ಟು ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹಾಗಾದರೆ ಬರಿಗಾಲೇ ಗುಟ್ಟಾ?

ಅಲ್ಲ. ಆ ಕಾಲದ ಹಳ್ಳಿಯ ಹುಡುಗರ ದಿನ ಹೇಗಿರುತ್ತಿತ್ತು ಯೋಚಿಸಿ. ಹೊಲಕ್ಕೆ ನಡಿಗೆ, ಸಂತೆಗೆ ನಡಿಗೆ, ನೀರಿಗೆ ನಡಿಗೆ. ಹತ್ತಾರು ವರ್ಷ ದಿನವೂ ಸ್ವಲ್ಪ ಸ್ವಲ್ಪ ಭಾರ ಹೊತ್ತು ಎಲುಬು, ಸ್ನಾಯು, ಪಾದ ಎಲ್ಲವೂ ಗಟ್ಟಿಯಾಗಿರುತ್ತಿದ್ದವು. ನಾವು ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು, ಭಾನುವಾರ ಒಮ್ಮೆಲೇ 8 ಕಿ.ಮೀ. ಓಡುತ್ತೇವೆ. ವ್ಯತ್ಯಾಸ ಶೂನಲ್ಲಿಲ್ಲ, ತಯಾರಿಯಲ್ಲಿದೆ.

ಬರಿಗಾಲಲ್ಲಿ ಓಡುವಾಗ ಹೆಚ್ಚಿನವರು ಪಾದದ ಮುಂಭಾಗ ಊರುತ್ತಾರೆ. ಆಗ ಮಂಡಿಯ ಮೇಲಿನ ಭಾರ ಸ್ವಲ್ಪ ಇಳಿಯುವುದು ನಿಜ. ಆದರೆ ಆ ಭಾರ ಮಾಯವಾಗುವುದಿಲ್ಲ, ಮೀನಖಂಡಕ್ಕೂ ಪಾದಕ್ಕೂ ಹೋಗುತ್ತದೆ. ಅಭ್ಯಾಸವಿಲ್ಲದೆ ಏಕಾಏಕಿ ಶೂ ಬಿಟ್ಟವರಿಗೆ ಪಾದದ ಎಲುಬಿನಲ್ಲೇ ಪೆಟ್ಟಾಗಬಹುದು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಕಥೆ ಎಲ್ಲರಿಗೂ ಫಾರ್ವರ್ಡ್ ಆಗುತ್ತದೆ. ಅವರೇ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು 3 ನಿಮಿಷ ಬೇಗ ಓಡಿ ಮತ್ತೆ ಗೆದ್ದರು. ಈ ಅರ್ಧ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಓಡಿದರೆ ಮಂಡಿ ಸವೆಯುತ್ತಾ?

2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡದ್ದು ಶೇ 3.5 ಜನರಲ್ಲಿ. ಓಡದೇ ಇರುವವರಲ್ಲಿ ಶೇ 10.2. ದೊಡ್ಡ ಮಟ್ಟದ ಸ್ಪರ್ಧೆಗಾಗಿ ಓಡುವವರಲ್ಲಿ ಶೇ 13.3. ಮಂಡಿ ಕೆಟ್ಟವರು ಓಟ ಬಿಟ್ಟಿರಬಹುದು, ಹಾಗಾಗಿ ಓಟವೇ ಮಂಡಿಗೆ ಔಷಧಿ ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ ಹಿತಮಿತವಾಗಿ ಓಡಿದರೆ ಮಂಡಿ ಸವೆಯುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ.

ಮತ್ತೆ ನೋವು ಯಾಕೆ?

ಹೊಸದಾಗಿ ಓಡುವವರಿಗೆ ಸಾಮಾನ್ಯವಾಗಿ ನೋಯುವುದು ಮಂಡಿಚಿಪ್ಪಿನ ಸುತ್ತ ಅಥವಾ ಹಿಂದೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ಬಹಳ ಹೊತ್ತು ಕೂತು ಎದ್ದಾಗ ಜಾಸ್ತಿ. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಸ್ನಾಯು ಮತ್ತು ಕೀಲು ಗಟ್ಟಿಯಾಗಲು ತಿಂಗಳುಗಳು ಬೇಕು. ಈ ನಡುವಿನ ಅವಸರವೇ ನೋವಿಗೆ ದೊಡ್ಡ ಕಾರಣ. ಹೀಗೆ ಮಾಡಿ ನೋಡಿ:

• ಪೂರ್ತಿ ಮಲಗಬೇಡಿ. ನೋವು ಹೆಚ್ಚಾಗದಷ್ಟು ದೂರಕ್ಕೆ ಓಟ ಇಳಿಸಿ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಅಂತ ಶುರು ಮಾಡಬಹುದು.
• ಓಟದ ದಿನಗಳ ನಡುವೆ ಒಂದು ದಿನ ಬಿಡುವು ಕೊಡಿ. ದೂರ ಮತ್ತು ವೇಗ ಎರಡನ್ನೂ ಒಟ್ಟಿಗೆ ಏರಿಸಬೇಡಿ.
• ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ನಿಮಿಷಕ್ಕೆ ಹಾಕುವ ಹೆಜ್ಜೆ ಶೇ 5ರಿಂದ 10 ಹೆಚ್ಚಾದರೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ.
• ವಾರಕ್ಕೆ ಎರಡು ಮೂರು ದಿನ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ವ್ಯಾಯಾಮ ಕೊಡಿ. ಅರ್ಧ ಬಸ್ಕಿ, ಮೆಟ್ಟಿಲು ಹತ್ತಿ ಇಳಿಯುವುದು, ಮಗ್ಗುಲಾಗಿ ಮಲಗಿ ಕಾಲೆತ್ತುವುದು ಸಾಕು. ನೋವಾದರೆ ಕಡಿಮೆ ಮಾಡಿ.
• ಕಾಲಿಗೆ ಹಿತವಾಗಿರುವ ಶೂ ಸಾಕು. ದುಬಾರಿ ಶೂ ಅವಸರಕ್ಕೆ ಮದ್ದಲ್ಲ.
• ಎಣ್ಣೆ ಹಚ್ಚಿ ನೀವಿದರೆ ಹಿತವಾಗುತ್ತದೆ, ಆದರೆ ಅದರಿಂದ ಸ್ನಾಯುವಿಗೆ ಬಲ ಬರುವುದಿಲ್ಲ.

ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ಆದರೆ, ನಡೆಯುವಾಗ ಕುಸಿದರೆ, ಕಾಲೂರಲು ಆಗದಿದ್ದರೆ ಅಥವಾ ಕೆಲವು ವಾರಗಳಾದರೂ ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮಂಡಿ ಕೆಂಪಾಗಿ ಜ್ವರವೂ ಬಂದರೆ ಅದೇ ದಿನ ಹೋಗಿ. ಮೂಳೆ ತಜ್ಞರು ಅಥವಾ ಫಿಸಿಯೋಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳಬೇಕಾದದ್ದನ್ನು ಫಾರ್ವರ್ಡ್ ಹೇಳಲಾರದು.

ಚೌಗುಲೆ 1952ರಲ್ಲಿ ತೀರಿಕೊಂಡರು. ಒಲಿಂಪಿಕ್ಸ್ ಮ್ಯಾರಥಾನ್ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಳಗಾವಿಯವರು ಅಂತ ಇವತ್ತು ಬಾಗಲೂರಿನ ರಸ್ತೆಯಲ್ಲಿ ಓಡುವ ಎಷ್ಟು ಜನರಿಗೆ ಗೊತ್ತು? ಅವರ ಹೆಸರನ್ನು ಶೂ ಬಿಸಾಡುವುದಕ್ಕೆ ನೆಪ ಮಾಡಿಕೊಳ್ಳುವುದು ಬೇಡ. ಅವರ ಕಾಲುಗಳು ಒಂದು ತಿಂಗಳಲ್ಲಿ ತಯಾರಾದವಲ್ಲ, ನಿಮ್ಮವೂ ಆಗುವುದಿಲ್ಲ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಮಂಡಿ ಹಿಡಿದುಕೊಂಡು ಓಟ ಬಿಡುವ ಮಾತಾಡುತ್ತಿದ್ದರೆ, ಈ ಬಾರಿ ಇದನ್ನು ಫಾರ್ವರ್ಡ್ ಮಾಡಿ.