ಆದಾಯದ ಲೆಕ್ಕ ಹಾಕಿ ಡಾಕ್ಟರ್ ಆದವರು

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ರಾಷ್ಟ್ರೀಯ ಆದಾಯದ ಪಾಠ ಬರುತ್ತದಲ್ಲ, ಅದರ ಸೂತ್ರಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಬ್ರಿಟಿಷರ ಕಾಲದಲ್ಲೇ ಆ ಲೆಕ್ಕವನ್ನು ಕೂತು ಹಾಕಿ, ಅದಕ್ಕಾಗಿಯೇ ಪಿಎಚ್.ಡಿ. ಪಡೆದವರು ಡಾ. ವಿ.ಕೆ.ಆರ್.ವಿ. ರಾವ್. ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿ ಅವರ ಹೆಸರಿನ ರಸ್ತೆ ಇದೆ. ನಾನು ಅವರನ್ನು ಆರಿಸಿಕೊಂಡಿದ್ದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ಫೈನಾನ್ಸ್‌ನಲ್ಲಿ ಪಿಎಚ್.ಡಿ. ಮಾಡಬೇಕೆಂಬುದು ನನ್ನ ಆಸೆ. ಮನೆಯಲ್ಲಿ ಡಾಕ್ಟರ್ ಆಗುತ್ತೇನೆ ಎಂದರೆ ದಾದಿ ತಮ್ಮ ಮಂಡಿನೋವು ತೋರಿಸುತ್ತಾರೆ!

ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಹುಟ್ಟಿದರು. ಮುಂಬೈಯಲ್ಲಿ ಬಿ.ಎ., ಎಂ.ಎ. ಓದಿದರು. 1931ರಲ್ಲೇ ಭಾರತದ ಆದಾಯ ತೆರಿಗೆಯ ಬಗ್ಗೆ ಅವರ ಪುಸ್ತಕ ಹೊರಬಂತು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ನಮ್ಮ ಪಠ್ಯದಲ್ಲಿ ಬರುವ ಕೇನ್ಸ್ ಅಲ್ಲಿ ಅವರಿಗೆ ಗುರು.

ಉರ್ದುವಿನಲ್ಲಿ ನಾವು ಆದಾಯಕ್ಕೆ ಆಮ್ದನಿ ಎನ್ನುತ್ತೇವೆ, ಅಂದರೆ ಬಂದದ್ದು. ಬಂದದ್ದನ್ನು ಎಲ್ಲರೂ ಬರೆದಿಡುವುದಿಲ್ಲ. ಚಾಮರಾಜಪೇಟೆಯಲ್ಲಿ ನಮ್ಮ ಅಬ್ಬಾ ನಡೆಸುವ ಟೈಲರ್ ಅಂಗಡಿಗೂ ನಾನು ಕಾಮರ್ಸ್ ಸೇರುವವರೆಗೆ ಲೆಕ್ಕದ ಪುಸ್ತಕ ಇರಲಿಲ್ಲ. ಹಾಗಿರುವಾಗ 1931ರ ರೈತ, ಕುಂಬಾರ, ಜಟಕಾ ಹೊಡೆಯುವವನ ಆದಾಯವನ್ನು ಕಂಡುಹಿಡಿಯುವುದು ಹೇಗೆ? ರಾವ್ ಒಂದೇ ವಿಧಾನಕ್ಕೆ ಅಂಟಿಕೊಳ್ಳಲಿಲ್ಲ. ಬೇಸಾಯದಂಥ ಕಡೆ ಏನು ಎಷ್ಟು ಬೆಳೆಯಿತು, ಅದರ ಬೆಲೆ ಎಷ್ಟು ಎಂದು ಕೂಡಿದರು. ಉಳಿದ ಕಸುಬುಗಳಲ್ಲಿ ದುಡಿಯುವವರು ಎಷ್ಟು ಜನ, ಒಬ್ಬೊಬ್ಬರ ಗಳಿಕೆ ಎಷ್ಟು ಎಂದು ನೋಡಿದರು. ನಾವು ಪಾಠದಲ್ಲಿ ಬೇರೆ ಬೇರೆಯಾಗಿ ಓದುವ ಉತ್ಪನ್ನ ವಿಧಾನ, ಆದಾಯ ವಿಧಾನ ಎರಡನ್ನೂ ಅವರು ಅಗತ್ಯಕ್ಕೆ ತಕ್ಕಂತೆ ಜೋಡಿಸಿದ್ದರು.

ಬಂದ ಉತ್ತರ ಇದು: 1931-32ರಲ್ಲಿ ಬ್ರಿಟಿಷ್ ಭಾರತದ ಒಬ್ಬನ ಸರಾಸರಿ ಆದಾಯ ವರ್ಷಕ್ಕೆ 62 ರೂಪಾಯಿ. ಪಟ್ಟಣದಲ್ಲಿ 166, ಹಳ್ಳಿಯಲ್ಲಿ 51. ನಾನು 12ರಿಂದ ಭಾಗಿಸಿ ನೋಡಿದೆ. ಹಳ್ಳಿಯವನಿಗೆ ತಿಂಗಳಿಗೆ 4 ರೂಪಾಯಿ 4 ಆಣೆ. ದೇಶ ಬಡವಾಗಿದೆ ಎಂದು ಭಾಷಣದಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು. ಎಷ್ಟು ಬಡವಾಗಿದೆ ಎಂದು ತೋರಿಸಲು ಈ ದುಡಿಮೆ ಬೇಕಾಯಿತು.

1937ರಲ್ಲಿ ಪಿಎಚ್.ಡಿ. ಸಿಕ್ಕಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಇಂದು ನಮ್ಮಲ್ಲಿ ಒಬ್ಬರು ಹೊರಟರೆ ಎಷ್ಟು ವರ್ಷ ಎಂಬುದು ಅಬ್ಬಾ ಅವರ ಪ್ರಶ್ನೆ. ಬಿ.ಕಾಂ. 3, ಎಂ.ಕಾಂ. 2 ವರ್ಷ. ಎಂ.ಕಾಂ.ನಲ್ಲಿ ಕನಿಷ್ಠ ಶೇ. 55 ಅಂಕ ಇರಬೇಕು (ಮೀಸಲಾತಿ ಇರುವವರಿಗೆ ಶೇ. 5 ರಿಯಾಯಿತಿ). ಬಳಿಕ ನೆಟ್ ಅಥವಾ ಪ್ರವೇಶ ಪರೀಕ್ಷೆ, ಸಂದರ್ಶನ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ 6. ಮೊದಲು ಕೋರ್ಸ್‌ವರ್ಕ್, ಆಮೇಲೆ ಪ್ರಬಂಧ. ಅದನ್ನು ಹೊರಗಿನ ಪರೀಕ್ಷಕರು ಓದುತ್ತಾರೆ, ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಎದುರು ಕೂತು ಉತ್ತರಿಸಬೇಕು. ಎಲ್ಲ ಸೇರಿ ಬೇಗ ಅಂದರೂ 8 ವರ್ಷ. ಅಬ್ಬಾ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ರಾವ್ ಡಿಗ್ರಿ ತಂದು ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು. ಅದೇ ವರ್ಷ ಸರ್ಕಾರದ ರಾಷ್ಟ್ರೀಯ ಆದಾಯ ಸಮಿತಿಗೆ ಮಹಲನೋಬಿಸ್, ಗಾಡ್ಗೀಳ್ ಜೊತೆ ಸದಸ್ಯರಾದರು. ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಮಾಡಿದ್ದ ಲೆಕ್ಕ ಈಗ ಸರ್ಕಾರದ ಕೆಲಸವಾಯಿತು. ಮುಂದೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಬಳ್ಳಾರಿಯ ಸಂಸದ, ಕೇಂದ್ರ ಸಚಿವ. ಆ ಪಟ್ಟಿ ಉದ್ದವಿದೆ, ನನಗೆ ಅದಕ್ಕಿಂತ 1972 ಮುಖ್ಯ. ಆ ವರ್ಷ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) ಸ್ಥಾಪಿಸಿದರು. 1991ರ ಜುಲೈ 25ರಂದು ತೀರಿಕೊಂಡರು. ಅವರು ಪಿಎಚ್.ಡಿ.ಗೆ ಹಡಗು ಹತ್ತಬೇಕಾಯಿತು. ಐಸೆಕ್‌ನಲ್ಲಿ ಇಂದೂ ಪಿಎಚ್.ಡಿ. ವಿದ್ಯಾರ್ಥಿಗಳಿದ್ದಾರೆ, ಕೆ.ಆರ್. ಮಾರ್ಕೆಟ್‌ನಿಂದ ಅಲ್ಲಿಗೆ ಸಿಟಿ ಬಸ್ಸಿನಲ್ಲೇ ಹೋಗಬಹುದು.