ಓದು ಬಾರದ ಹೈದರ್ ಅಲಿಯ ಸುದ್ದಿ ಸೈನ್ಯ

ಹೈದರ್ ಅಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತರು. ಅವನಿಗೆ ಓದು ಬರಹ ಬರಲಿಲ್ಲ. ಸಹಿಗೆಂದು ಹೆಸರಿನ ಮೊದಲ ಅಕ್ಷರ ಮಾತ್ರ ಕಲಿತಿದ್ದನಂತೆ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ಥಾನಿ ಐದೂ ಮಾತಾಡುತ್ತಿದ್ದನು. ಮೈಸೂರು ಸೈನ್ಯ ಸೇರಿ, 1761ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡನು.

ಓದಲು ಬಾರದವನು ಅಷ್ಟು ದೊಡ್ಡ ಸೈನ್ಯವನ್ನು ಹೇಗೆ ನಡೆಸಿದ? ಸುದ್ದಿಯಿಂದ. ಅವನ ಹರಿಕಾರರು, ಅಂದರೆ ಗೂಢಚಾರರು, ಎಲ್ಲಾ ಕಡೆ ಇದ್ದರು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆಯವರೂ ಊರೂರಿನ ಸಮಾಚಾರ ಮುಟ್ಟಿಸುತ್ತಿದ್ದರು. ಒಬ್ಬ ಮುನ್ಷಿ ಪತ್ರ ಓದುವುದನ್ನು ಕೇಳುತ್ತಾ ಇನ್ನೊಬ್ಬನಿಗೆ ಉತ್ತರ ಬರೆಸುತ್ತಿದ್ದನು. ಎಲ್ಲಾ ತಲೆಯಲ್ಲೇ! ನಮಗೆ ಮಗ್ಗಿ ಹೇಳುವಾಗ ಪಕ್ಕದವನು ಕೆಮ್ಮಿದರೂ ಮರೆತುಹೋಗುತ್ತೆ.

1763ರಲ್ಲಿ ನಮ್ಮ ಜಿಲ್ಲೆಯ ಬಿದನೂರನ್ನು ಗೆದ್ದನು. ಅಲ್ಲಿನ ಹಳೇ ಮಂತ್ರಿ ಲಿಂಗಣ್ಣನೇ ಗುಟ್ಟಿನ ದಾರಿ ಹೇಳಿಕೊಟ್ಟನು. ರಾಣಿ ವೀರಮ್ಮಾಜಿ ಸೆರೆಯಾದಳು. ಪಾಪ ಅನ್ನಿಸುತ್ತೆ. ಆ ಊರೇ ಈಗಿನ ನಗರ.

ಈಗಿನ ಸೈನ್ಯಕ್ಕೆ ಉಪಗ್ರಹ, ಡ್ರೋನ್‌ಗಳಿಂದ ರಾಶಿ ರಾಶಿ ಚಿತ್ರ ಬರುತ್ತವೆ. ಅದರಲ್ಲಿ ಬೇಕಾದ್ದನ್ನು ಬೇಗ ಆರಿಸಲು ಕೃತಕ ಬುದ್ಧಿಮತ್ತೆಯ ಕಂಪ್ಯೂಟರ್ ಇದೆ ಎಂದು ಮೇಷ್ಟ್ರು ಹೇಳಿದರು. ಇಂಥ ಕೆಲಸಕ್ಕೆ ಬೆಂಗಳೂರಿನಲ್ಲಿ 1986ರಲ್ಲೇ ಡಿ.ಆರ್.ಡಿ.ಒ.ದ ಒಂದು ಕೇಂದ್ರ ಶುರುವಾಯಿತು. ಆದರೆ ಬಂದ ಸುದ್ದಿಯೇ ಸುಳ್ಳಾದರೆ? ಅದಕ್ಕೂ ಹೈದರನ ಕಥೆಯಲ್ಲೇ ಉತ್ತರ ಇದೆ.

1780ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಸಹಾಯಕ್ಕೆ ಕಂಚಿಯಿಂದ ಫ್ಲೆಚರ್ ಎಂಬ ಅಧಿಕಾರಿ ಹೊರಟನು. ದಾರಿ ತೋರಿಸುವವರು ಹೈದರನ ದುಡ್ಡು ತಿಂದಿದ್ದರು. ಫ್ಲೆಚರನಿಗೆ ಅನುಮಾನ ಬಂತು. ರಾತ್ರಿಯೇ ದಾರಿ ಬದಲಿಸಿ ಬೇಲಿಯನ್ನು ಸೇರಿಕೊಂಡನು. ಹೈದರನಿಗೇ ಏಮಾರಿದ ಹಾಗಾಯಿತು! ಆದರೂ 10ನೇ ತಾರೀಕು ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಇಬ್ಬರೂ ಸುತ್ತುವರಿದರು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು, ಬೇಲಿ ಸೆರೆಸಿಕ್ಕನು. ಹತ್ತಿರ ಕಂಚಿಯಲ್ಲೇ ಇದ್ದ ಮನ್ರೋ ಹೊತ್ತಿಗೆ ಬರಲಿಲ್ಲ. ಈ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲಿದೆ, ಹೋದವರು ನೋಡಿ.

ಮುಂದಿನ ವರ್ಷ ಪೋರ್ಟೊ ನೋವೊದಲ್ಲಿ ಹೈದರ್ ಸೋತನು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯ ಒಡೆದುಹೋಗುತ್ತಿತ್ತು. ಅದಕ್ಕೆ ಮಂತ್ರಿಗಳು ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕೋಲಾರಕ್ಕೆ ಕಳಿಸಿದರು. ಟಿಪ್ಪು ಬರುವವರೆಗೂ ನವಾಬರಿಗೆ ಮೈ ಹುಷಾರಿಲ್ಲ ಎಂದೇ ನಡೆಸಿದರು.

— 7ನೇ ತರಗತಿ ವಿದ್ಯಾರ್ಥಿ